ಚಿನ್ನದ ದರಕ್ಕೆ ಋತುವಿಲ್ಲ, ಮಜೂರಿಗೆ ಇದೆ

ಅಕ್ಷಯ ತೃತೀಯ ಹತ್ತಿರವಾದಂತೆ ಮನೆಮನೆಯಲ್ಲೂ ಒಂದು ಲೆಕ್ಕಾಚಾರ ಶುರುವಾಗುತ್ತದೆ: ಹಬ್ಬಕ್ಕೆ ಮೊದಲೇ ಕೊಂಡುಬಿಡೋಣವೋ, ಹಬ್ಬ ಮುಗಿದು ದರ ಇಳಿಯಲಿ ಎಂದು ಕಾಯೋಣವೋ? ಷೇರು, ಮ್ಯೂಚುವಲ್ ಫಂಡ್ ವಿಷಯಕ್ಕೆ ಬಂದರೂ ಇದೇ ಕಾಯುವಿಕೆ. ಬಜೆಟ್ ಆಗಲಿ, ಆಮೇಲೆ ನೋಡೋಣ. ಮಳೆ ಹೇಗಾಗುತ್ತೋ ನೋಡಿ ಹಾಕೋಣ. ದೀಪಾವಳಿಗೆ ಮಾರ್ಕೆಟ್ ಏರೇ ಏರುತ್ತಂತೆ. ಇದರ ನಡುವೆ ‘ಕಳೆದ 10 ವರ್ಷದಲ್ಲಿ 7 ಸಲ ಈ ತಿಂಗಳು ಲಾಭ’ ಎಂಬ ಬಣ್ಣದ ಪಟ್ಟಿಯೊಂದು ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ.

ಮುಂದಿನ ದೀಪಾವಳಿಗೆ ಚಿನ್ನ ಎಷ್ಟಾಗುತ್ತದೆ ಎಂದು ಈ ಲೇಖನ ಹೇಳುವುದಿಲ್ಲ. ಹೇಳಬಲ್ಲವರು ಯಾರಾದರೂ ಇದ್ದರೆ ಅವರು ಅದನ್ನು ನಮಗೆ ಪುಕ್ಕಟೆ ಹೇಳುವುದಿಲ್ಲ. ಆದರೆ ಈ ವ್ಯವಹಾರದಲ್ಲಿ ಯಾವುದಕ್ಕೆ ನಿಜವಾಗಿ ಕಾಲವಿದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸಬಹುದು. ಅಷ್ಟು ತಿಳಿದರೆ ಕಾಯಬೇಕಾದಲ್ಲಿ ಕಾಯುತ್ತೀರಿ, ಬೇಡದ ಕಡೆ ಕಾಯುವುದನ್ನು ಬಿಡುತ್ತೀರಿ.

ಹಬ್ಬ ಚಿನ್ನದ ದರವನ್ನು ಯಾಕೆ ಏರಿಸಲಾರದು

ನಮ್ಮಲ್ಲಿ ಚಿನ್ನಕ್ಕೆ ಬೇಡಿಕೆ ಹಬ್ಬ-ಮದುವೆಗಳ ಕಾಲದಲ್ಲಿ ಹೆಚ್ಚುವುದು ನಿಜ. ಆದರೆ ದರ ನಿಗದಿಯಾಗುವುದು ನಮ್ಮೂರ ಅಂಗಡಿ ಬೀದಿಯಲ್ಲಲ್ಲ. ನಮ್ಮ ನೆಲದಲ್ಲಿ ಸಿಗುವ ಚಿನ್ನ ತೀರಾ ಕಡಿಮೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಉಳಿದಿರುವ ದೊಡ್ಡ ಗಣಿ ರಾಯಚೂರು ಜಿಲ್ಲೆಯ ಹಟ್ಟಿ. ಅದರಿಂದ ಬರುವುದು ವರ್ಷಕ್ಕೆ ಸುಮಾರು ಒಂದೂವರೆ ಟನ್. ದೇಶ ಕೊಳ್ಳುವುದು ವರ್ಷಕ್ಕೆ 700-800 ಟನ್. ಬಾಕಿಯ ಬಹುಪಾಲು ಹೊರಗಿನಿಂದ ಬರಬೇಕು, ಅದೂ ಡಾಲರ್‌ನಲ್ಲಿ. ಹಾಗಾಗಿ ನಮ್ಮ ದರ ಮೂರು ಅಂಕಿಗಳ ಮೇಲೆ ನಿಂತಿದೆ: ಜಾಗತಿಕ ದರ, ಡಾಲರ್-ರೂಪಾಯಿ ವಿನಿಮಯ, ಆಮದು ಸುಂಕ. ಇದನ್ನು ನೀವೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು.

1. ಜಾಗತಿಕ ದರ ಒಂದು ಔನ್ಸಿಗೆ ಎಷ್ಟು ಡಾಲರ್ ಎಂದು ನೋಡಿ. ಚಿನ್ನದ ಔನ್ಸ್ ಎಂದರೆ 31.1035 ಗ್ರಾಮ್. ಉದಾಹರಣೆಗೆ 3,000 ಡಾಲರ್ ಎಂದಿಟ್ಟುಕೊಂಡರೆ ಗ್ರಾಮಿಗೆ 96.45 ಡಾಲರ್ ಆಯಿತು.

2. ಅದನ್ನು ರೂಪಾಯಿಗೆ ತನ್ನಿ. ಡಾಲರಿಗೆ 85 ರೂ. ಎಂದರೆ ಸುಮಾರು 8,198 ರೂ.

3. ಆಮದು ಸುಂಕ ಸೇರಿಸಿ. ಶೇ 6 ಎಂದಿಟ್ಟುಕೊಂಡರೆ ಸುಮಾರು 8,690 ರೂ. ಸುಂಕ ಬದಲಾಗಿದ್ದರೆ ಆ ಅಂಕಿ ಹಾಕಿ. ಇದು 24 ಕ್ಯಾರೆಟ್, ಜಿಎಸ್‌ಟಿ ಸೇರದ ದರ.

4. 22 ಕ್ಯಾರೆಟ್‌ಗೆ 0.916ರಿಂದ ಗುಣಿಸಿ. ಸುಮಾರು 7,960 ರೂ.

ಇಂದಿನ ಅಂಕಿಗಳನ್ನು ಹಾಕಿ ಬಂದ ಉತ್ತರವನ್ನು ಅಂಗಡಿಯ ಬೋರ್ಡಿನ ಜತೆ ಹೋಲಿಸಿ ನೋಡಿ. ಅಲ್ಪಸ್ವಲ್ಪ ವ್ಯತ್ಯಾಸದಲ್ಲಿ ಹತ್ತಿರ ಬರುತ್ತದೆ. ಬೇಡಿಕೆ ಜೋರಾದಾಗ ಸಗಟು ವ್ಯಾಪಾರಿಗಳು ಜಾಗತಿಕ ದರದ ಮೇಲೆ ಒಂದಷ್ಟು ಹೆಚ್ಚುವರಿ ಕೇಳುತ್ತಾರೆ, ಬೇಡಿಕೆ ಬಿದ್ದಾಗ ಒಂದಷ್ಟು ಬಿಡುತ್ತಾರೆ. ಹಬ್ಬದ ಪ್ರಭಾವ ಕಾಣುವುದು ಅಷ್ಟು ಸಣ್ಣ ಜಾಗದಲ್ಲಿ ಮಾತ್ರ.

2024ರ ಜುಲೈ 23ರ ಬಜೆಟ್‌ನಲ್ಲಿ ಚಿನ್ನದ ಮೇಲಿನ ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಒಂದೆರಡು ದಿನಗಳಲ್ಲೇ 10 ಗ್ರಾಮಿಗೆ ಸಾವಿರಾರು ರೂಪಾಯಿ ಕಡಿಮೆಯಾಯಿತು. ಆಗ ಆಷಾಢ ನಡೆಯುತ್ತಿತ್ತು. ‘ಆಷಾಢದಲ್ಲಿ ಚಿನ್ನ ಇಳಿಯುತ್ತದೆ’ ಎಂದು ಪಟ್ಟಿ ಮಾಡುವವರಿಗೆ ಒಳ್ಳೆಯ ಪುರಾವೆಯೇ ಸರಿ. ಕಾರಣ ಮಾತ್ರ ಹಣಕಾಸು ಸಚಿವರ ಭಾಷಣ.

ಜಾಗತಿಕ ದರಕ್ಕಾದರೂ ಋತುವಿದೆಯೇ? ಸಂಶೋಧಕರು ಹುಡುಕಿದ್ದಾರೆ. ಡಿರ್ಕ್ ಬೌರ್ ಎಂಬ ಅರ್ಥಶಾಸ್ತ್ರಜ್ಞ 1980ರಿಂದ 2010ರವರೆಗಿನ ದರಗಳನ್ನು ಜಾಲಾಡಿ, ಸೆಪ್ಟೆಂಬರ್ ಮತ್ತು ನವೆಂಬರ್‌ಗಳಲ್ಲಿ ಚಿನ್ನ ಸರಾಸರಿಗಿಂತ ಚೆನ್ನಾಗಿ ಏರಿದ್ದನ್ನು ತೋರಿಸಿದರು. ಅದನ್ನೇ ನೆಚ್ಚಿ 2011ರ ಸೆಪ್ಟೆಂಬರ್ ಮೊದಲ ವಾರ ಕೊಂಡವರ ಗತಿ ಏನಾಯಿತು? ಚಿನ್ನ 1,900 ಡಾಲರ್‌ನ ದಾಖಲೆ ಮುಟ್ಟಿದ್ದು ಆ ವಾರವೇ. ತಿಂಗಳು ಮುಗಿಯುವಷ್ಟರಲ್ಲಿ ಅದು 1,620ರ ಆಸುಪಾಸಿಗೆ ಬಂದಿತ್ತು, 2015ರ ಕೊನೆಗೆ 1,050ಕ್ಕೆ. 2016ರ ನವೆಂಬರ್‌ನಲ್ಲೂ ಸುಮಾರು ಶೇ 8ರಷ್ಟು ಇಳಿಯಿತು. ಸರಾಸರಿ ಸುಳ್ಳಲ್ಲ. ಆದರೆ ನೀವು ಹಣ ಹಾಕುವುದು ಯಾವುದೋ ಒಂದು ಸೆಪ್ಟೆಂಬರ್‌ನಲ್ಲಿ, ಮೂವತ್ತು ಸೆಪ್ಟೆಂಬರ್‌ಗಳ ಸರಾಸರಿಯಲ್ಲಲ್ಲ.

ಹಾಗಾದರೆ ಋತು ಇರುವುದೆಲ್ಲಿ?

ಮಜೂರಿಯಲ್ಲಿ. ಅಂಗಡಿಯವರು ಅದನ್ನು ಮೇಕಿಂಗ್ ಚಾರ್ಜ್ ಎನ್ನಲಿ, ವೇಸ್ಟೇಜ್ ಎನ್ನಲಿ, ಅದು ಅವರ ಕೈಯಲ್ಲಿರುವ ಅಂಕಿ. ಗಿರಾಕಿ ಕಡಿಮೆ ಇರುವ ಆಷಾಢ, ಪಿತೃಪಕ್ಷದಲ್ಲಿ ಅವರು ಇದರಲ್ಲಿ ಇಳಿಯುತ್ತಾರೆ. ಹಬ್ಬದ ದಿನ ನೂಕುನುಗ್ಗಲಿನಲ್ಲಿ ಟೋಕನ್ ಹಿಡಿದು ನಿಂತವರ ಜತೆ ಚೌಕಾಸಿಗೆ ಅವರಿಗೂ ಪುರಸೊತ್ತಿರುವುದಿಲ್ಲ.

ಸುಲಭಕ್ಕೆ 22 ಕ್ಯಾರೆಟ್ ಗ್ರಾಮಿಗೆ 10,000 ರೂ. ಎಂದಿಟ್ಟುಕೊಳ್ಳಿ. 10 ಗ್ರಾಮಿನ ಸರ. ಚಿನ್ನದ ಬೆಲೆ 1,00,000. ಮಜೂರಿ ಶೇ 12 ಎಂದರೆ 12,000. ಒಟ್ಟು 1,12,000ದ ಮೇಲೆ ಶೇ 3 ಜಿಎಸ್‌ಟಿ 3,360. ಬಿಲ್ 1,15,360 ರೂ. ಅದೇ ಸರಕ್ಕೆ ಮಜೂರಿ ಶೇ 8ಕ್ಕೆ ಇಳಿದರೆ ಬಿಲ್ 1,11,240 ರೂ. ಉಳಿದದ್ದು 4,120 ರೂ. ಶೇ 12 ಮಜೂರಿ ಕೊಟ್ಟು ಇಷ್ಟೇ ಉಳಿಸಬೇಕಾದರೆ ಚಿನ್ನದ ದರ ಗ್ರಾಮಿಗೆ ಸುಮಾರು 357 ರೂ. ಇಳಿಯಬೇಕಿತ್ತು. ದರ ಇಳಿಯುವುದು ನಿಮ್ಮ ಕೈಯಲ್ಲಿಲ್ಲ, ನಾಲ್ಕು ಅಂಗಡಿ ವಿಚಾರಿಸುವುದು ಇದೆ.

ಇದೇ ಬಿಲ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. 1,15,360 ಕೊಟ್ಟು ತಂದ ಸರವನ್ನು ಮರುದಿನ ಮಾರಿದರೆ ಕೈಗೆ ಬರುವುದು ಹೆಚ್ಚೆಂದರೆ 1,00,000. ಹಾಕಿದ್ದು ಹಿಂದೆ ಬರಬೇಕಾದರೂ ದರ ಶೇ 15ಕ್ಕೂ ಹೆಚ್ಚು ಏರಬೇಕು. ಇಂಥದ್ದರಲ್ಲಿ ‘ಹಬ್ಬಕ್ಕೆ ಮುಂಚೆ ತಗೊಂಡರೆ ಶೇ 2 ಲಾಭ’ ಎಂಬ ಮಾತಿಗೆ ಅರ್ಥವೇ ಇಲ್ಲ. ಒಡವೆಯನ್ನು ಹಾಕಿಕೊಳ್ಳಲು ಕೊಳ್ಳಿ; ಹೂಡಿಕೆಗೆ ಚಿನ್ನ ಬೇಕಾದರೆ ಗೋಲ್ಡ್ ಇಟಿಎಫ್ ನೋಡಿ. ಅದಕ್ಕೆ ಡಿಮ್ಯಾಟ್ ಖಾತೆ ಬೇಕು. ಅದು ಬೇಡವೆನ್ನುವವರಿಗೆ ಮ್ಯೂಚುವಲ್ ಫಂಡ್ ಕಂಪನಿಗಳ ಗೋಲ್ಡ್ ಫಂಡ್‌ಗಳಿವೆ. ಸರ್ಕಾರದ ಚಿನ್ನದ ಬಾಂಡ್‌ಗಾಗಿ ಕಾಯುತ್ತಾ ಕೂರಬೇಡಿ. 2024ರ ಫೆಬ್ರುವರಿ ಕಂತಿನ ನಂತರ ಹೊಸ ಬಿಡುಗಡೆ ನಿಂತಿದೆ.

ಮನೆಯಲ್ಲಿ ಮದುವೆಯಿದ್ದರೆ ಪ್ರಶ್ನೆಯೇ ಬೇರೆ. ತಾರೀಖು ಗೊತ್ತು, ಎಷ್ಟು ಗ್ರಾಮ್ ಬೇಕು ಎಂಬುದೂ ಗೊತ್ತು. ಆಗ ಮುನ್ಸೂಚನೆಯ ಗೊಡವೆಯೇ ಬೇಡ: ಬೇಕಾದ ಗ್ರಾಮನ್ನು ಉಳಿದಿರುವ ತಿಂಗಳುಗಳಿಗೆ ಹಂಚಿ ಇಟಿಎಫ್‌ನಲ್ಲಿ ಕೂಡಿಸುತ್ತಾ ಹೋಗಿ, ಕೊನೆಗೆ ಮಾರಿ ಒಡವೆ ಮಾಡಿಸಿ. ಲಾಭದ ಮೇಲಿನ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದಿರಿ. ಅಂಗಡಿಗಳ 11 ಕಂತಿನ ಚೀಟಿಯಂಥ ಯೋಜನೆಗಳೂ ಇವೆ. ಅವು 11 ತಿಂಗಳಿಗೇ ಯಾಕೆ ನಿಲ್ಲುತ್ತವೆಂದರೆ, ಮುಂಗಡ ಪಡೆದು 365 ದಿನಗಳೊಳಗೆ ಸರಕು ಕೊಡದಿದ್ದರೆ ಕಂಪನಿ ಕಾನೂನು ಅದನ್ನು ಠೇವಣಿ ಎಂದು ಪರಿಗಣಿಸುತ್ತದೆ. ಆ ಹಣ ಮುಂಗಡವಷ್ಟೇ, ಅದಕ್ಕೆ ಬ್ಯಾಂಕ್ ಠೇವಣಿಯ ವಿಮೆಯಿಲ್ಲ. ಅಂಗಡಿ ಬಾಗಿಲು ಹಾಕಿದರೆ ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ ನಿಲ್ಲುವವರು ನೀವೇ.

ಷೇರುಪೇಟೆಯ ಪಂಚಾಂಗ

ಷೇರುಪೇಟೆಗೂ ಇಂಥ ನಂಬಿಕೆಗಳ ದೊಡ್ಡ ಪಟ್ಟಿಯಿದೆ. ‘ಮೇ ತಿಂಗಳಲ್ಲಿ ಮಾರಿ ಹೊರಟುಬಿಡಿ’ ಎಂಬುದು ಲಂಡನ್ನಿನ ಹಳೆಯ ಮಾತು. 2002ರಲ್ಲಿ ಬೌಮನ್ ಮತ್ತು ಜಾಕಬ್‌ಸೆನ್ ಹಲವು ದೇಶಗಳ ಪೇಟೆಗಳನ್ನು ನೋಡಿ, ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಗಳಿಕೆಯೇ ಹೆಚ್ಚಿರುವುದು ನಿಜ ಎಂದು ತೋರಿಸಿದ ಮೇಲೆ ಅದಕ್ಕೆ ವಿದ್ವತ್ತಿನ ಮುದ್ರೆಯೂ ಬಿತ್ತು. ನಮ್ಮಲ್ಲಿ ಬಜೆಟ್ ಇದೆ, ಮುಂಗಾರು ಇದೆ, ಮುಂಬೈ ಷೇರುಪೇಟೆ 1957ರಿಂದ ನಡೆಸಿಕೊಂಡು ಬಂದಿರುವ ದೀಪಾವಳಿಯ ಒಂದು ಗಂಟೆಯ ಮುಹೂರ್ತದ ವಹಿವಾಟಿದೆ.

ಆದರೂ ಈ ಸೂತ್ರಗಳನ್ನು ನೆಚ್ಚಲಾಗದಿರಲು ಕಾರಣ ಸರಳ. ನವೆಂಬರ್‌ನಲ್ಲಿ ಏರುತ್ತದೆ ಎಂದು ಎಲ್ಲರಿಗೂ ಗೊತ್ತಾದರೆ ಜನ ಅಕ್ಟೋಬರ್‌ನಲ್ಲೇ ಕೊಳ್ಳುತ್ತಾರೆ. ಅದು ಗೊತ್ತಾದವರು ಸೆಪ್ಟೆಂಬರ್‌ನಲ್ಲಿ. ಪತ್ರಿಕೆಯಲ್ಲಿ ಓದಿ ನಿಮಗೆ ಗೊತ್ತಾಗುವ ಹೊತ್ತಿಗೆ ಬೆಲೆಯಲ್ಲಿ ಅದು ಸೇರಿಹೋಗಿರುತ್ತದೆ. ಬೇಸಿಗೆ ಬರುತ್ತದೆ, ಎಸಿ ಮಾರಾಟವಾಗುತ್ತದೆ ಎಂಬುದು ಫಂಡ್ ಮ್ಯಾನೇಜರ್‌ಗೂ ಗೊತ್ತು. ಬೆಲೆಯನ್ನು ಅಲ್ಲಾಡಿಸುವುದು ಯಾರೂ ಎಣಿಸದ ಸಂಗತಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಅದಕ್ಕೂ ಮೊದಲೇ ಬಿದ್ದ ಅಕಾಲಿಕ ಮಳೆಗೆ ಬೇಸಿಗೆ ತಣ್ಣಗಾಯಿತು, ಎಸಿ ಕಂಪನಿಗಳ ಮಾರಾಟ ಕುಸಿಯಿತು. ಬೇಸಿಗೆ ನಂಬಿ ಆ ಕಂಪನಿಗಳ ಷೇರು ಕೊಂಡವರ ಲೆಕ್ಕ ತಪ್ಪಿತು.

ಮಳೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. 2009ರಲ್ಲಿ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 78 ಮಾತ್ರ, ಘೋರ ಬರ. ಸೆನ್ಸೆಕ್ಸ್ ಆ ವರ್ಷ ಶೇ 81ರಷ್ಟು ಏರಿತು. ಹಿಂದಿನ ವರ್ಷ, 2008ರಲ್ಲಿ, ಮಳೆ ಶೇ 98, ಬಹುತೇಕ ಪೂರ್ತಿ. ಸೆನ್ಸೆಕ್ಸ್ ಶೇ 52 ಬಿತ್ತು. ಮಳೆಯ ಮುನ್ಸೂಚನೆಯನ್ನು ಹವಾಮಾನ ಇಲಾಖೆ ನೂರಕ್ಕೆ ನೂರು ಸರಿಯಾಗಿ ಕೊಟ್ಟಿದ್ದರೂ ಆ ಎರಡು ವರ್ಷ ಅದನ್ನು ನಂಬಿ ಹೂಡಿದವನಿಗೆ ದೊಡ್ಡ ನಷ್ಟವೇ ಆಗುತ್ತಿತ್ತು. ಅಮೆರಿಕದಲ್ಲಿ ಬ್ಯಾಂಕ್ ಮುಳುಗಿದ್ದು, ನಮ್ಮಲ್ಲಿ ಚುನಾವಣೆಯ ಫಲಿತಾಂಶ ಸ್ಪಷ್ಟವಾಗಿ ಬಂದದ್ದು, ಇವೆಲ್ಲ ಮಳೆಗಿಂತ ಜೋರಾಗಿದ್ದವು.

ಬಜೆಟ್ ದಿನದ ಕಥೆಯೂ ಇಷ್ಟೇ. 2020ರ ಫೆಬ್ರುವರಿ 1ರಂದು ಸೆನ್ಸೆಕ್ಸ್ 988 ಅಂಶ ಇಳಿಯಿತು. ಮರುವರ್ಷ ಅದೇ ತಾರೀಖು 2,315 ಅಂಶ ಏರಿತು.

ಪಟ್ಟಿ ಬಂದಾಗ ಹೀಗೆ ಒರೆಗೆ ಹಚ್ಚಿ

ಮುಂದಿನ ಸಲ ‘ಈ ತಿಂಗಳು ಕೊಳ್ಳಿ’ ಎಂಬ ಪಟ್ಟಿ ಕಂಡಾಗ ಈ ಐದು ಪ್ರಶ್ನೆ ಕೇಳಿ.

1. ಎಷ್ಟು ವರ್ಷದ ಲೆಕ್ಕ? ನಾಣ್ಯವನ್ನು 10 ಸಲ ಚಿಮ್ಮಿದರೆ 7 ಅಥವಾ ಹೆಚ್ಚು ಸಲ ರಾಜ ಬೀಳುವ ಸಂಭವ ಸುಮಾರು ಶೇ 17. ಕಡಿಮೆ ಎನಿಸುತ್ತದೆ. ಆದರೆ ವರ್ಷಕ್ಕೆ ತಿಂಗಳು 12. ಹನ್ನೆರಡು ನಾಣ್ಯಗಳಲ್ಲಿ ಒಂದಾದರೂ ಹೀಗೆ ‘10ಕ್ಕೆ 7’ ತೋರಿಸುವ ಸಂಭವ ಸುಮಾರು ಶೇ 90. ಅಂದರೆ ಪೇಟೆ ಬರೀ ನಾಣ್ಯದಾಟವಾಗಿದ್ದರೂ ಯಾವುದೋ ಒಂದು ತಿಂಗಳು ‘ಶುಭ’ ಎನಿಸುವುದು ಬಹುತೇಕ ಖಚಿತ. ಪಟ್ಟಿ ಮಾಡುವವರು ಆ ತಿಂಗಳನ್ನು ಮಾತ್ರ ನಿಮಗೆ ತೋರಿಸುತ್ತಾರೆ.

2. ಒಂದು ವರ್ಷ ತೆಗೆದರೆ ಏನಾಗುತ್ತದೆ? 2009ರ ಮೇ ಒಂದೇ ತಿಂಗಳು ಸೆನ್ಸೆಕ್ಸ್ ಸುಮಾರು ಶೇ 28 ಏರಿತು, ಚುನಾವಣಾ ಫಲಿತಾಂಶದಿಂದ. 2008ರ ಅಕ್ಟೋಬರ್‌ನಲ್ಲಿ ಸುಮಾರು ಶೇ 24 ಬಿತ್ತು, ದೀಪಾವಳಿ ಇದ್ದದ್ದೂ ಆ ತಿಂಗಳಲ್ಲೇ. ಇಂಥ ಒಂದೊಂದು ವರ್ಷ ಇಡೀ ಸರಾಸರಿಯನ್ನು ತಿರುಚುತ್ತದೆ. ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಬಿಟ್ಟು ಮತ್ತೆ ಲೆಕ್ಕ ಹಾಕಿ. ನಿಫ್ಟಿಯ ಹಳೆಯ ಅಂಕಿಗಳು ಎನ್‌ಎಸ್‌ಇ ಸೂಚ್ಯಂಕಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

3. ಕಾರಣ ಏನು? ಅಮೆರಿಕದ ಡೇವಿಡ್ ಲೈನ್‌ವೆಬರ್ ತಮಾಷೆಗೆಂದು ಒಂದು ಲೆಕ್ಕ ತೋರಿಸಿದ್ದರು: ಬಾಂಗ್ಲಾದೇಶದ ಬೆಣ್ಣೆ ಉತ್ಪಾದನೆಯ ಅಂಕಿಗಳಿಂದ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಏರಿಳಿತದ ಶೇ 75ರಷ್ಟನ್ನು ‘ವಿವರಿಸಬಹುದು’ ಎಂದು. ಸಾಕಷ್ಟು ಅಂಕಿ ತಡಕಾಡಿದರೆ ಯಾವುದಕ್ಕೆ ಯಾವುದನ್ನು ಬೇಕಾದರೂ ಗಂಟು ಹಾಕಬಹುದು. ಹಣ ಎಲ್ಲಿಂದ ಎಲ್ಲಿಗೆ, ಯಾಕೆ ಆ ತಿಂಗಳೇ ಹರಿಯಬೇಕು ಎಂದು ಹೇಳಲಾಗದ ಸೂತ್ರವನ್ನು ಬಿಟ್ಟುಬಿಡಿ.

4. ತೆರಿಗೆ, ಖರ್ಚು ಕಳೆದರೆ ಉಳಿಯುವುದೆಷ್ಟು? ನವೆಂಬರ್‌ನಲ್ಲಿ ಕೊಂಡು ಮೇಯಲ್ಲಿ ಮಾರಿದರೆ ಅದು ಅಲ್ಪಾವಧಿ ಲಾಭ. ಷೇರಿಗೆ ಶೇ 20 ತೆರಿಗೆ. ವರ್ಷ ದಾಟಿ ಮಾರಿದರೆ ಶೇ 12.5, ಅದೂ ವರ್ಷದ ಮೊದಲ 1.25 ಲಕ್ಷ ಲಾಭ ಬಿಟ್ಟು. ಪ್ರತಿ ವರ್ಷ ಹೊರಗೆ ಬಂದು ಒಳಗೆ ಹೋಗುವವನು ಸುಮ್ಮನೆ ಕೂತವನಿಗಿಂತ ಎಷ್ಟು ಹೆಚ್ಚು ಗಳಿಸಬೇಕು ಎಂದು ಮೊದಲು ನೋಡಿ.

5. ಯಾವ ಪಂಚಾಂಗ? ದೀಪಾವಳಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಎಲ್ಲಿ ಬೇಕಾದರೂ ಬೀಳುತ್ತದೆ. ಬಜೆಟ್ ಫೆಬ್ರುವರಿ ಕೊನೆಯಿಂದ ಫೆಬ್ರುವರಿ 1ಕ್ಕೆ ಬಂದದ್ದು 2017ರಲ್ಲಿ. ಹಳೆಯ ‘ಫೆಬ್ರುವರಿ’ಯೂ ಹೊಸ ‘ಫೆಬ್ರುವರಿ’ಯೂ ಒಂದೇ ಅಲ್ಲ.

ಈ ಐದನ್ನೂ ದಾಟಿ ನಿಲ್ಲುವ ಸೂತ್ರಗಳು ಬಹಳ ಕಡಿಮೆ.

ಕಾಲ ನೋಡಬೇಕಾದದ್ದು ನಿಮ್ಮ ಹಣದ್ದು

ಪೇಟೆಯ ಋತು ಗೊತ್ತಾಗದು, ಆದರೆ ನಿಮ್ಮ ಹಣಕ್ಕೆ ಸ್ಪಷ್ಟ ಋತುವಿದೆ. ತೀರ್ಥಹಳ್ಳಿ, ಶಿರಸಿಯ ಅಡಿಕೆ ಬೆಳೆಗಾರನಿಗೆ, ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರನಿಗೆ ದುಡ್ಡು ಬರುವುದು ವರ್ಷದಲ್ಲಿ ಒಂದೆರಡು ಸಲ. ತಿಂಗಳ ಸಂಬಳದವರಿಗಾಗಿ ಹೇಳುವ ‘ಪ್ರತಿ 5ನೇ ತಾರೀಖು ಎಸ್‌ಐಪಿ’ ಸಲಹೆ ಇವರಿಗೆ ನೇರವಾಗಿ ಹೊಂದುವುದಿಲ್ಲ. ಆಗಸ್ಟ್‌ನಲ್ಲಿ ಖಾತೆ ಖಾಲಿಯಿದ್ದು ಕಂತು ಬೌನ್ಸ್ ಆಗುತ್ತದೆ. ಇಂಥವರು ಹೀಗೆ ಮಾಡಬಹುದು:

1. ಮಂಡಿಯಿಂದ, ಸೊಸೈಟಿಯಿಂದ ಬಂದ ಹಣದಲ್ಲಿ ಮುಂದಿನ ಬೆಳೆಯವರೆಗಿನ ಮನೆಖರ್ಚು, ಕೂಲಿ, ಗೊಬ್ಬರ, ಬೋರ್ಡೋ ದ್ರಾವಣದ ಖರ್ಚನ್ನು ಮೊದಲು ಬ್ಯಾಂಕಿನಲ್ಲಿ ಪ್ರತ್ಯೇಕ ಇಡಿ. ಕೊಳೆರೋಗ ಬಂದು ಅರ್ಧ ಫಸಲು ಹೋದ ವರ್ಷ ಕೈಹಿಡಿಯುವುದು ಇದೇ.

2. ಷೇರು ಫಂಡಿಗೆಂದು ತೆಗೆದಿಟ್ಟ ಮೊತ್ತವನ್ನು ಒಮ್ಮೆಲೇ ಹಾಕಬೇಡಿ. ಲಿಕ್ವಿಡ್ ಫಂಡಿನಲ್ಲಿಟ್ಟು ಅಲ್ಲಿಂದ ತಿಂಗಳಿಗೆ ಇಷ್ಟು ಎಂದು ಷೇರು ಫಂಡಿಗೆ ವರ್ಗಾಯಿಸುವ ವ್ಯವಸ್ಥೆ ಮಾಡಿ. ಇದಕ್ಕೆ ಎಸ್‌ಟಿಪಿ ಎನ್ನುತ್ತಾರೆ. 6ರಿಂದ 12 ಕಂತು ಸಾಕು. ಕಂತು ಮಾಡಿದರೆ ಹೆಚ್ಚು ಲಾಭ ಬರುತ್ತದೆಂದಲ್ಲ. ಹಾಕಿದ ಮರುವಾರ ಪೇಟೆ ಬಿದ್ದರೆ ಗಾಬರಿಯಾಗಿ ಎಲ್ಲವನ್ನೂ ತೆಗೆಯುವುದು ತಪ್ಪುತ್ತದೆ.

3. ಚಿನ್ನಕ್ಕೆ ಎಷ್ಟು, ಷೇರಿಗೆ ಎಷ್ಟು, ಠೇವಣಿಗೆ ಎಷ್ಟು ಎಂದು ಮೊದಲೇ ಬರೆದಿಡಿ. ಹೂಡಿಕೆಯಲ್ಲಿ ಚಿನ್ನ ಶೇ 10-15 ಸಾಕೆಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯಲ್ಲಿರುವ ಒಡವೆ ಈ ಲೆಕ್ಕಕ್ಕೆ ಸೇರದು.

4. ವರ್ಷಕ್ಕೊಮ್ಮೆ, ಬರೆದಿಟ್ಟ ಆ ಪಾಲಿಗೆ ಸರಿದೂಗಿಸಿ. ದಿನ ಯಾವುದಾದರೂ ಇರಲಿ, ಯುಗಾದಿಯೇ ಇರಲಿ, ಆದರೆ ಪ್ರತಿವರ್ಷ ಅದೇ ದಿನ.

ಈ ನಾಲ್ಕನೆಯದೇ ಮುಖ್ಯ, ಲೆಕ್ಕ ಹಾಕಿ ನೋಡೋಣ. 10 ಲಕ್ಷದಲ್ಲಿ ಷೇರು 6, ಚಿನ್ನ 1.5, ಠೇವಣಿ 2.5 ಲಕ್ಷ. ವರ್ಷದಲ್ಲಿ ಚಿನ್ನ ಶೇ 40 ಏರಿ 2.1 ಲಕ್ಷವಾಯಿತು, ಷೇರು ಶೇ 10 ಇಳಿದು 5.4 ಆಯಿತು, ಠೇವಣಿ ಶೇ 7ರಂತೆ 2.675. ಒಟ್ಟು 10.175 ಲಕ್ಷ. ಇದರ ಶೇ 15 ಎಂದರೆ ಸುಮಾರು 1.53 ಲಕ್ಷ. ಅಂದರೆ ಸುಮಾರು 57,000 ರೂ. ಚಿನ್ನ, 13,000 ರೂ. ಠೇವಣಿ ತೆಗೆದು 70,000 ರೂ. ಷೇರಿಗೆ ಹಾಕಬೇಕು. ಚಿನ್ನ ಏರಿದ ವರ್ಷ, ಟಿವಿಯಲ್ಲಿ ಎಲ್ಲರೂ ಚಿನ್ನ ಕೊಳ್ಳಿ ಎನ್ನುವಾಗಲೇ, ನೀವು ಮಾರುತ್ತೀರಿ. ಮುನ್ಸೂಚನೆಯ ಹಂಗಿಲ್ಲದೆ, ದುಬಾರಿಯಾದದ್ದನ್ನು ಮಾರಿ ಅಗ್ಗವಾದದ್ದನ್ನು ಕೊಳ್ಳುವ ಕೆಲಸ ತಾನಾಗಿ ಆಗುತ್ತದೆ. ಹೊಸ ಹಣ ಬರುವುದಿದ್ದರೆ ಇನ್ನೂ ಒಳ್ಳೆಯದು: ಏನನ್ನೂ ಮಾರದೆ ಅದನ್ನು ಕಡಿಮೆಯಾದ ಕಡೆ ಹಾಕಿದರೆ ತೆರಿಗೆಯೂ ಉಳಿಯುತ್ತದೆ.

ಸಂಬಳದಾರರಿಗೆ ನಿಜವಾದ ಋತು ಎಂದರೆ ಮಾರ್ಚ್. ದೀರ್ಘಾವಧಿ ಲಾಭದಲ್ಲಿ 1.25 ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ಅವಕಾಶ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಅಷ್ಟರ ಮಟ್ಟಿಗೆ ಮಾರಿ ಮತ್ತೆ ಕೊಂಡರೆ ಮುಂದೆ ಕಟ್ಟುವ ತೆರಿಗೆ ಕಡಿಮೆಯಾಗುತ್ತದೆ. ಆದರೆ ಕೊನೆಯ ದಿನದವರೆಗೆ ಕಾಯಬೇಡಿ, ವಹಿವಾಟು ಇತ್ಯರ್ಥವಾಗಲು ಸಮಯ ಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರು ಮಾರ್ಚ್‌ನಲ್ಲಿ ತೆರಿಗೆ ಉಳಿಸಲೆಂದು ಇಎಲ್‌ಎಸ್‌ಎಸ್ ಫಂಡ್ ಕೊಳ್ಳುವುದು ವ್ಯರ್ಥ. ಅಲ್ಲಿ ಆ ಹೂಡಿಕೆಗೆ ವಿನಾಯಿತಿಯೇ ಇಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದರ ನೋಡಿ ಹಾಲ್‌ಮಾರ್ಕ್ ಮರೆಯುವುದು. ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ 2023ರ ಏಪ್ರಿಲ್‌ನಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ಪರಿಶೀಲಿಸಿ.

ಹರಳಿನ ತೂಕಕ್ಕೂ ಚಿನ್ನದ ದರ ಕೊಡುವುದು. ಬಿಲ್‌ನಲ್ಲಿ ನಿವ್ವಳ ಚಿನ್ನದ ತೂಕ ಬೇರೆ ಬರೆಸಿ.

ಬೀಳಲಿ ಎಂದು ಕಾದು, ಬಿದ್ದಾಗ ಇನ್ನೂ ಬೀಳಲಿ ಎಂದು ಕಾಯುವುದು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ 13 ಬಿದ್ದಾಗ ‘ಲಾಕ್‌ಡೌನ್ ಮುಗಿಯಲಿ’ ಎಂದು ಕಾದವರು ಕಡಿಮೆಯಿಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ಸೂಚ್ಯಂಕ ಹೊಸ ದಾಖಲೆಯಲ್ಲಿತ್ತು.

ಋತುವಿನ ಊಹೆಯನ್ನು ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ ಆಡುವುದು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತಾನೇ ನಡೆಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ. ಮೀರಿತ್ತು.

ಎಚ್ಚರಿಕೆ: ‘ಐದು ಸಲ ಸರಿ ಹೇಳಿದ’ ಗುರು

ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳ ಒಂದು ಹಳೆಯ ತಂತ್ರ ತಿಳಿದಿರಲಿ. 1,600 ಜನರ ನಂಬರ್ ಇದೆ ಎನ್ನಿ. ಅರ್ಧ ಜನರಿಗೆ ‘ನಾಳೆ ಚಿನ್ನ ಏರುತ್ತದೆ’, ಇನ್ನರ್ಧಕ್ಕೆ ‘ಇಳಿಯುತ್ತದೆ’ ಎಂದು ಸಂದೇಶ ಹೋಗುತ್ತದೆ. ಸರಿ ಬಂದ 800 ಜನರನ್ನು ಮತ್ತೆ ಎರಡು ಭಾಗ. ಹೀಗೆ ಐದು ಸಲ ಆದಾಗ 50 ಜನ ಉಳಿಯುತ್ತಾರೆ. ಅವರ ಕಣ್ಣಿಗೆ ಆತ ಐದಕ್ಕೆ ಐದೂ ಸರಿ ಹೇಳಿದ ಮಹಾನುಭಾವ. ಆರನೆಯ ಸಂದೇಶದಲ್ಲಿ ಶುಲ್ಕವೋ, ‘ನಮ್ಮ ಆ್ಯಪ್‌ನಲ್ಲಿ ಹಣ ಹಾಕಿ’ ಎಂಬ ಕೊಂಡಿಯೋ ಬರುತ್ತದೆ.

ಹಣ ಪಡೆದು ಸಲಹೆ ಕೊಡುವವರಿಗೆ ಸೆಬಿ ನೋಂದಣಿ ಕಡ್ಡಾಯ. ಹೂಡಿಕೆ ಸಲಹೆಗಾರರ ಸಂಖ್ಯೆ ಐಎನ್‌ಎ ಎಂದೂ ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್ ಎಂದೂ ಆರಂಭವಾಗುತ್ತದೆ. ಅವರು ಕಳಿಸಿದ ಪ್ರಮಾಣಪತ್ರದ ಚಿತ್ರ ನಂಬಬೇಡಿ, ಸೆಬಿ ಜಾಲತಾಣದ ಪಟ್ಟಿಯಲ್ಲಿ ನೀವೇ ಆ ಸಂಖ್ಯೆ ಹುಡುಕಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ದಾಖಲಾದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ.